ಕಂಪನಿ ಬಸ್ಸು ಬತ್ತದಾ?

ಉದ್ಯೋಗ ಮೇಳದಲ್ಲಿ ಮೇಜಿನ ಆಚೆ ಕೂತವರ ಪ್ರಶ್ನೆಗಳು ಎಲ್ಲ ಜಿಲ್ಲೆಯಲ್ಲೂ ಒಂದೇ ಥರ. ಏನು ಓದಿದ್ದೀರಿ, ಯಾವ ವರ್ಷ ಪಾಸಾದಿರಿ, ರಾತ್ರಿ ಪಾಳಿಗೆ ಬರುತ್ತೀರಾ. ಗುಂಡ್ಲುಪೇಟೆ ಕಡೆಯ ಹುಡುಗ ಹುಡುಗಿಯರು ಮೇಜಿನ ಈಚೆಯಿಂದ ಕೇಳುವುದು ಎರಡೇ ಮಾತು: ಪಿಎಫ್ ಹಿಡೀತಾರಾ? ಕಂಪನಿ ಬಸ್ಸು ಬತ್ತದಾ?

ಮೊದಲನೆಯ ಪ್ರಶ್ನೆ ಕೆಲಸ ಎಷ್ಟು ಗಟ್ಟಿ ಎಂದು ತಿಳಿಯುವುದಕ್ಕೆ. ಎರಡನೆಯದು ಅರ್ಥವಾಗಬೇಕಾದರೆ ನಕಾಶೆ ಬಿಡಿಸಬೇಕು.

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಬಂದರೆ ಗುಂಡ್ಲುಪೇಟೆ. ಅಲ್ಲಿಂದ ರಸ್ತೆ ಕವಲೊಡೆದು ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿ ಮೂಲಕ ಕಲ್ಲಿಕೋಟೆಗೆ ಹೋಗುತ್ತದೆ. ಎರಡಕ್ಕೂ ಕಾಡು ದಾಟಬೇಕು. ನಂಜನಗೂಡಿನ ಕಾರ್ಖಾನೆಗಳು ಹಿಂದಕ್ಕೆ ಗಂಟೆ ಹೊತ್ತಿನ ದಾರಿ, ಜಿಲ್ಲಾ ಕೇಂದ್ರ ಚಾಮರಾಜನಗರವೂ ಹೆಚ್ಚುಕಮ್ಮಿ ಅಷ್ಟೇ ದೂರ. ಮೈಸೂರಿನಿಂದ ಹೊರಟ ರೈಲು ನಂಜನಗೂಡು ದಾಟಿ ಎಡಕ್ಕೆ ಸರಿದು ಚಾಮರಾಜನಗರದಲ್ಲಿ ಹೋಗಿ ನಿಲ್ಲುತ್ತದೆ. ಗುಂಡ್ಲುಪೇಟೆಗೆ ಅದರ ಶಿಳ್ಳೆಯೂ ಕೇಳುವುದಿಲ್ಲ. ಹಾಗಾಗಿ ಹಂಗಳ, ಬೇಗೂರು, ತೆರಕಣಾಂಬಿ ಕಡೆಯ ಮನೆಗಳಲ್ಲಿ ಕೆಲಸದ ಬೆಲೆಯನ್ನು ಸಂಬಳದ ಅಂಕಿ ನೋಡಿ ಕಟ್ಟುವುದಿಲ್ಲ. ಸಂಬಳದಲ್ಲಿ ರೂಮಿನ ಬಾಡಿಗೆ ಕಳೆದು, ಬಸ್ ಚಾರ್ಜು ಕಳೆದು, ಮೆಸ್ಸಿನ ಲೆಕ್ಕ ಕಳೆದು, ಮಿಕ್ಕಿದ್ದನ್ನು ಕಾಡಿನಾಚೆ ಕೇರಳದ ವಯನಾಡಿನ ದಿನಗೂಲಿಯ ಪಕ್ಕದಲ್ಲಿಟ್ಟು ತೂಗುತ್ತಾರೆ. ಎಷ್ಟೋ ಸಲ ತಕ್ಕಡಿ ವಯನಾಡಿನ ಕಡೆಗೇ ವಾಲುತ್ತದೆ.

ಯುವಜನರ ಉದ್ಯೋಗಕ್ಕೆಂದು ಸರ್ಕಾರಗಳು ಸುರಿಯುವ ಹಣಕ್ಕೆ ಕೊರತೆಯಿಲ್ಲ. 2024ರ ಜುಲೈನ ಕೇಂದ್ರ ಬಜೆಟ್ ಐದು ವರ್ಷಗಳಲ್ಲಿ 4.1 ಕೋಟಿ ಯುವಜನರಿಗಾಗಿ 2 ಲಕ್ಷ ಕೋಟಿ ರೂಪಾಯಿಯ ಐದು ಯೋಜನೆಗಳ ಗಂಟನ್ನು ಪ್ರಕಟಿಸಿತು. ರಾಜ್ಯದಲ್ಲಿ 2016ರಲ್ಲೇ ಕೌಶಲಕ್ಕೆಂದು ಪ್ರತ್ಯೇಕ ಇಲಾಖೆ ಹುಟ್ಟಿತು. ಮರುವರ್ಷ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಬಂತು. ಕೇಂದ್ರದ ಕೌಶಲ ವಿಕಾಸ ಯೋಜನೆ 2015ರದು, ಗ್ರಾಮೀಣ ಯುವಕರ ದೀನದಯಾಳ್ ಉಪಾಧ್ಯಾಯ ಯೋಜನೆ ಅದಕ್ಕೂ ಒಂದು ವರ್ಷ ಹಳೆಯದು. ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿದರೆ ಪಂಚಾಯಿತಿ ಕಾರ್ಯದರ್ಶಿಗೂ ಉಸಿರು ಕಟ್ಟೀತು. ಆ ಹಣ ಹರಿಯುವ ಕಾಲುವೆ ಹೇಗಿದೆ ಎಂದು ನೋಡಿದವರು ಮಾತ್ರ ಕಡಿಮೆ.

ಕೇಂದ್ರ ಸರ್ಕಾರ 2015ರಲ್ಲಿ ಎಲ್ಲ ಕೌಶಲ ಯೋಜನೆಗಳಿಗೂ ಒಂದೇ ಬಗೆಯ ಲೆಕ್ಕದ ನಿಯಮ ತಂದಿತು. ಅದರ ಮೂಲಮಾನ ಗಂಟೆ. ಯಂತ್ರ, ಸಲಕರಣೆ ಬೇಕಾಗುವ ಮೊದಲ ದರ್ಜೆಯ ಕಸುಬಿಗೆ ಒಬ್ಬ ಅಭ್ಯರ್ಥಿಗೆ ಗಂಟೆಗೆ 38 ರೂಪಾಯಿ 50 ಪೈಸೆ. ಉಳಿದ ಎರಡು ದರ್ಜೆಗೆ ಇನ್ನೂ ಕಡಿಮೆ. ಆಮೇಲೆ ಈ ದರ ಏರಿತು, ಆದರೆ ಗಂಟೆಯ ಲೆಕ್ಕ ಉಳಿಯಿತು. ಆಗಿನ ದರದಲ್ಲಿ 300 ಗಂಟೆಯ ತರಬೇತಿಗೆ ತಲೆಗೆ 11,550 ರೂಪಾಯಿ. ಮೂವತ್ತು ಜನರ ಒಂದು ತಂಡವೆಂದರೆ 3,46,500. ಈ ಮೊತ್ತ ತರಬೇತಿ ಸಂಸ್ಥೆಗೆ ಮೂರು ಕಂತಿನಲ್ಲಿ ಬರುತ್ತಿತ್ತು: ತರಗತಿ ಶುರುವಾದಾಗ ಶೇ 30, ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಸಿಕ್ಕಾಗ ಶೇ 50, ಕೆಲಸ ಸಿಕ್ಕಿದ್ದು ಖಾತ್ರಿಯಾದಾಗ ಉಳಿದ ಶೇ 20.

ಅಂದರೆ ಒಬ್ಬರಿಗೂ ಕೆಲಸ ಸಿಗದೆ ಹೋದರೂ ಸಂಸ್ಥೆಯ ಕೈಗೆ 2,77,200 ರೂಪಾಯಿ ಬಂದು ಸೇರುತ್ತಿತ್ತು, ಕಳೆದುಕೊಳ್ಳುತ್ತಿದ್ದುದು 69,300. ಗುಂಡ್ಲುಪೇಟೆಯ ಮಂಡಿ ವ್ಯಾಪಾರಿಯನ್ನು ಕೇಳಿದರೂ ಈ ವ್ಯವಹಾರ ಯಾವ ಕಡೆ ಉರುಳುತ್ತದೆಂದು ಹೇಳಿಬಿಟ್ಟಾನು. ಕೆಲಸ ಹುಡುಕಿಕೊಡುವ ಕೊನೆಯ ಶೇ 20ಕ್ಕೆ ಓಡಾಟ ಜಾಸ್ತಿ, ಹೊಸ ತಂಡ ತುಂಬಿಸುವ ಮೊದಲ ಶೇ 30ಕ್ಕೆ ಕಡಿಮೆ. ಹೀಗಾಗಿ ಹೊಲಿಗೆ, ಬ್ಯೂಟಿಷಿಯನ್, ಡೇಟಾ ಎಂಟ್ರಿಯಂಥ ತರಗತಿಗಳು ಊರೂರಲ್ಲಿ ಎದ್ದವು. ಕಲಿಸುವುದು ಸುಲಭ, ಹುಡುಗಿಯರು ಬಂದು ಕೂರುತ್ತಾರೆ, ಪರೀಕ್ಷೆ ಆಗುತ್ತದೆ, ಫೋಟೊ ತೆಗೆದು ಪ್ರಮಾಣಪತ್ರ ಹಂಚುತ್ತಾರೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಇದರ ದೇಶವ್ಯಾಪಿ ಚಿತ್ರ ಕೊಟ್ಟಿತು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಅಲ್ಪಾವಧಿ ಮತ್ತು ವಿಶೇಷ ತರಬೇತಿಗಳಲ್ಲಿ ಪ್ರಮಾಣಪತ್ರ ಪಡೆದ ಸುಮಾರು 56 ಲಕ್ಷ ಮಂದಿಯಲ್ಲಿ ಕೆಲಸಕ್ಕೆ ಸೇರಿದ್ದು ಶೇ 41. ಲೆಕ್ಕಪರಿಶೋಧಕರು ನೋಡಿದ ಸುಮಾರು 96 ಲಕ್ಷ ಅಭ್ಯರ್ಥಿಗಳ ದಾಖಲೆಯಲ್ಲಿ ಶೇ 94ಕ್ಕೂ ಹೆಚ್ಚು ಕಡೆ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆಗಳೋ, ಖಾಲಿಯೋ ಇತ್ತು. ಸಂತೆಯಲ್ಲಿ ಐದು ರೂಪಾಯಿಗೆ ಕ್ಯೂಆರ್ ಕೋಡ್ ತೋರಿಸುವ ಕಾಲದಲ್ಲಿ ಇದು.

ನಿಯಮ ಬರೆದವರಿಗೆ ದೂರದ ಅರಿವೇ ಇರಲಿಲ್ಲ ಎನ್ನುವಂತಿಲ್ಲ. ಅದೇ 2015ರ ನಿಯಮದಲ್ಲಿ ತರಬೇತಿಗೆ ಬರುವ ಮಹಿಳೆಯರಿಗೆ ಪ್ರಯಾಣಕ್ಕೆಂದು ತಿಂಗಳಿಗೆ 1,000ದಿಂದ 1,500 ರೂಪಾಯಿ ಇತ್ತು. ಊರು ಬಿಟ್ಟು ಕೆಲಸಕ್ಕೆ ಸೇರಿದವರಿಗೆ ಕೈಹಿಡಿಯಲು ತಿಂಗಳಿಗೆ 1,450 ರೂಪಾಯಿ ಇತ್ತು, ಅದೂ ಎರಡು ಮೂರು ತಿಂಗಳ ಮಟ್ಟಿಗೆ. ನಂಜನಗೂಡಿನಲ್ಲಿ ಮುಂಗಡ ಕೊಟ್ಟು ರೂಮು ಹಿಡಿದು, ಮೊದಲ ಸಂಬಳದವರೆಗೆ ಹೊಟ್ಟೆ ಹೊರೆಯಬೇಕಾದ ಹುಡುಗನಿಗೆ ಅದು ಗ್ಯಾಸ್ ಸಿಲಿಂಡರಿಗೂ ಅಕ್ಕಿಗೂ ಸರಿಹೋಗುವ ದುಡ್ಡು.

ಈ ದೂರದ ಲೆಕ್ಕ ಗುಂಡ್ಲುಪೇಟೆಯವರ ಗೊಣಗಾಟ ಮಾತ್ರವೇ ಎಂದು ಅನುಮಾನ ಬರುವವರು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಕಥೆ ನೋಡಬೇಕು. ದೇಶದ 500 ದೊಡ್ಡ ಕಂಪನಿಗಳಲ್ಲಿ ಐದು ವರ್ಷಕ್ಕೆ ಒಂದು ಕೋಟಿ ಯುವಕರಿಗೆ ಒಂದೊಂದು ವರ್ಷದ ಅನುಭವ ಕೊಡಿಸುವುದು ಗುರಿ. ಶುರುವಿನಲ್ಲಿ ತಿಂಗಳಿಗೆ 5,000 ರೂಪಾಯಿ ಭತ್ಯೆ, ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೊದಲ ಸುತ್ತಿನಲ್ಲಿ 1.27 ಲಕ್ಷ ಜಾಗ ತೆರೆದವು, ಆರು ಲಕ್ಷಕ್ಕೂ ಮೀರಿ ಅರ್ಜಿ ಬಂದವು. ಕೊನೆಗೆ ಹೋಗಿ ಸೇರಿದವರು ಒಂಬತ್ತು ಸಾವಿರವನ್ನೂ ಮುಟ್ಟಲಿಲ್ಲ. ಹುಡುಗರಿಗೆ ಮನಸ್ಸಿಲ್ಲ ಎಂದರೆ ಆರು ಲಕ್ಷ ಅರ್ಜಿಗೆ ಅರ್ಥವಿಲ್ಲ. ಸರ್ಕಾರವೇ ಸಂಸತ್ತಿಗೆ ತಿಳಿಸಿದ ಕಾರಣಗಳಲ್ಲಿ ಮೊದಲ ಸಾಲಿನಲ್ಲಿದ್ದದ್ದು ಜಾಗದ ದೂರ. ಐದು ಸಾವಿರದಲ್ಲಿ ಬೇರೆ ಊರಿನ ರೂಮು, ಊಟ, ಬಸ್ಸು ಮೂರೂ ನಡೆಯುವುದಿಲ್ಲ ಎಂಬ ಲೆಕ್ಕ ಮಾಡಲು ಹಣಕಾಸು ತಜ್ಞರೇ ಬೇಕಾಗಿರಲಿಲ್ಲ.

ರಾಜ್ಯದ ಯುವನಿಧಿ ಬೇರೆ ದಾರಿ ಹಿಡಿಯಿತು. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಗಿ, 2024ರ ಜನವರಿ 12ರ ವಿವೇಕಾನಂದ ಜಯಂತಿಯಂದು ಶಿವಮೊಗ್ಗದಲ್ಲಿ ಹಣ ಹಾಕಲು ಚಾಲನೆ ಸಿಕ್ಕ ಯೋಜನೆ ಇದು. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಆಗಾಗ 'ನನಗಿನ್ನೂ ಕೆಲಸ ಸಿಕ್ಕಿಲ್ಲ' ಎಂದು ಸೇವಾಸಿಂಧು ಜಾಲತಾಣದಲ್ಲಿ ಸ್ವಯಂಘೋಷಣೆ ಮಾಡಬೇಕು. ಪೂರ್ತಿ ಅವಧಿ ಪಡೆದ ಪದವೀಧರನಿಗೆ 72,000 ರೂಪಾಯಿ ಸೇರುತ್ತದೆ, ಮೇಲೆ ಹೇಳಿದ ತರಬೇತಿ ವೆಚ್ಚದ ಆರು ಪಟ್ಟು. ಇದನ್ನು ಹಿಡಿದು 'ಸುಮ್ಮನೆ ಕೂರಲು ಸಂಬಳ' ಎಂದು ಆಡಿಕೊಂಡವರೂ ಇದ್ದಾರೆ. ಆದರೆ ಈ ಹಣದ ಒಂದು ಗುಣ ತರಬೇತಿಗೆ ಸುರಿಯುವ ಹಣಕ್ಕೆ ಇಲ್ಲ: ಅದು ನೇರ ಹುಡುಗನ ಖಾತೆಗೆ ಬರುತ್ತದೆ, ಯಾವುದಕ್ಕೆ ಖರ್ಚು ಮಾಡಬೇಕೆಂದು ಅವನೇ ತೀರ್ಮಾನಿಸುತ್ತಾನೆ. ಸಂದರ್ಶನಕ್ಕೆ ಬೆಂಗಳೂರಿಗೆ ಹೋಗುವ ಬಸ್ಸೋ, ಮೈಸೂರಿನ ಕೋಚಿಂಗೋ, ಮನೆಯ ಸಾಲವೋ.

ತೊಡಕಿರುವುದು ಬೇರೆ ಕಡೆ. ಅಪ್ರೆಂಟಿಸ್ ಆಗಿ ಭತ್ಯೆ ಪಡೆದರೆ, ಸರ್ಕಾರದ ಸಾಲದಲ್ಲಿ ಸ್ವಂತ ಉದ್ಯೋಗ ಹಿಡಿದರೆ, ಮುಂದೆ ಓದಲು ಹೋದರೆ ಯುವನಿಧಿ ಇಲ್ಲ. ಕೈಕಟ್ಟಿ ಕೂತಾಗ ಸಿಗುವ ಹಣ ಒಂದು ಹೆಜ್ಜೆ ಇಟ್ಟ ಕೂಡಲೇ ನಿಲ್ಲುತ್ತದೆ. ಆ ಹೆಜ್ಜೆಗೇ ಹೆಚ್ಚು ಖರ್ಚಿರುವುದು.

ಉದ್ಯೋಗ ಎಂಬ ಪದವೇ ಇಲ್ಲದ ಒಂದು ಯೋಜನೆ ಗುಂಡ್ಲುಪೇಟೆಯಲ್ಲಿ ಉದ್ಯೋಗ ಯೋಜನೆಯಾಗಿಬಿಟ್ಟಿರುವುದು ಇದೇ ಕಾರಣಕ್ಕೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣ ಇಲ್ಲವಾಯಿತು. ಹಂಗಳದ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ: ಐಟಿಐ ಮುಗಿಸಿದ್ದಾಳೆ, ನಂಜನಗೂಡಿನಲ್ಲಿ ಕೆಲಸವಿದೆ. ಮೊದಲು ಸಂಬಳದ ಒಂದು ಪಾಲು ಬಸ್ಸಿಗೇ ಹೋಗುತ್ತಿತ್ತು, ಅಥವಾ ಅಲ್ಲೇ ರೂಮು ಮಾಡಬೇಕಿತ್ತು. 'ಹೆಣ್ಣುಮಗು ಬೇರೆ ಊರಲ್ಲಿ ರೂಮು ಮಾಡೋದಾ' ಎಂಬ ಮಾತಿಗೇ ಎಷ್ಟೋ ಕೆಲಸಗಳು ಮುಗಿದು ಹೋಗುತ್ತಿದ್ದವು. ಈಗ ಆಧಾರ್ ಕಾರ್ಡು ತೋರಿಸಿ ಹೋಗಿಬರಬಹುದು. ತರಬೇತಿ ಕೊಡುವ ಯಾವ ಯೋಜನೆಯೂ ತೆಗೆಯಲಾಗದ ಅಡ್ಡಗೋಡೆಯನ್ನು ಸಾರಿಗೆ ಇಲಾಖೆ ತೆಗೆಯಿತು. ಬೆಳಿಗ್ಗೆ ಆರರ ಪಾಳಿಗೆ ಸರಿಯಾಗಿ ಬಸ್ಸೇ ಇಲ್ಲದ ಹಳ್ಳಿಗಳಲ್ಲಿ ಮಾತ್ರ ಉಚಿತ ಟಿಕೆಟ್ಟಿಗೂ ಬೆಲೆಯಿಲ್ಲ, ಮತ್ತು ಆ ಹುಡುಗಿಯ ಅಣ್ಣ ಇವತ್ತಿಗೂ ಪೂರ್ತಿ ಚಾರ್ಜು ಕೊಟ್ಟೇ ಹೋಗಬೇಕು.

ಕಾರ್ಖಾನೆಯೇ ಊರ ಬಳಿಗೆ ಬಂದರೆ? ಗುಂಡ್ಲುಪೇಟೆಯಲ್ಲಿ ಆ ಪ್ರಶ್ನೆಗೆ ಅಡ್ಡ ನಿಂತಿರುವುದು ಕಾಡು. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗಲೇ ಅದಕ್ಕೆ ಸೇರಿದ ಕಾಡು. 2009ರಿಂದ ಅದರೊಳಗಿನ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ಬಂದ್. 2012ರಲ್ಲಿ ಕಾಡಿನ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿ, ನೂರಕ್ಕೂ ಹೆಚ್ಚು ಹಳ್ಳಿಗಳು ಅದರೊಳಗೆ ಬಂದವು; ಅಲ್ಲಿ ಗಣಿಗಾರಿಕೆಗೆ, ಮಾಲಿನ್ಯ ಮಾಡುವ ಕೈಗಾರಿಕೆಗೆ ಅವಕಾಶವಿಲ್ಲ. ಇದನ್ನು ತಪ್ಪೆನ್ನುವುದು ಕಷ್ಟ. ಆದರೆ ಹುಲಿಗಾಗಿ ಇಡೀ ದೇಶ ಮಾಡಿದ ತೀರ್ಮಾನದ ಬೆಲೆಯನ್ನು ಕಾಡಂಚಿನ ಹುಡುಗರು ತೆರುತ್ತಿದ್ದಾರೆ ಎಂಬುದನ್ನು ಕೌಶಲ ಯೋಜನೆಯ ಯಾವ ಕಡತವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆ ನೋಡಿದರೆ ಕಾರ್ಖಾನೆಗಳು ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಬರುತ್ತಿವೆ. ಚಾಮರಾಜನಗರ ಮತ್ತು ನಂಜನಗೂಡಿನ ನಡುವೆ ಬದನಗುಪ್ಪೆ-ಕೆಲ್ಲಂಬಳ್ಳಿಯಲ್ಲಿ ಸಾವಿರಕ್ಕೂ ಹೆಚ್ಚು ಎಕರೆಯ ಕೈಗಾರಿಕಾ ಪ್ರದೇಶವಿದೆ. ವರ್ಷಗಟ್ಟಲೆ ಅಲ್ಲಿ ರಸ್ತೆ, ದೀಪದ ಕಂಬಗಳೇ ಹೆಚ್ಚು ಕಾಣುತ್ತಿದ್ದವು. 2024ರಲ್ಲಿ ಬಣ್ಣದ ವ್ಯಾಪಾರಕ್ಕೆ ಇಳಿದ ಬಿರ್ಲಾ ಓಪಸ್ ದೇಶದ ಆರು ಕಡೆ ಕಟ್ಟಿದ ಘಟಕಗಳಲ್ಲಿ ಒಂದು ಚಾಮರಾಜನಗರಕ್ಕೂ ಬಂತು. ಇವತ್ತಿನ ಬಣ್ಣದ ಕಾರ್ಖಾನೆ ಜನರಿಗಿಂತ ಯಂತ್ರಗಳಿಂದ ನಡೆಯುವುದು; ಎಕರೆಗೆ ಇಷ್ಟು ಕೆಲಸ ಎಂದು ಜಮೀನು ಕೊಟ್ಟವರು ಹಾಕಿದ ಅಂದಾಜು ಅಲ್ಲಿ ತಾಳೆಯಾಗುವುದಿಲ್ಲ.

ಸ್ಥಳೀಯರಿಗೆ ಕೆಲಸ ಎಂಬ ಕೂಗು ಹೊಸದೇನಲ್ಲ. ಸರೋಜಿನಿ ಮಹಿಷಿ ಸಮಿತಿ ತನ್ನ ವರದಿ ಕೊಟ್ಟದ್ದು 1986ರಲ್ಲಿ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕೈಗಾರಿಕೆಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿ, ಉದ್ಯಮದವರು ಸಿಡಿದೆದ್ದ ಮೇಲೆ ಎರಡೇ ದಿನಕ್ಕೆ ತಡೆಹಿಡಿಯಿತು. ಅಂದಹಾಗೆ ಅಲ್ಲಿ ಸ್ಥಳೀಯ ಎಂದರೆ ಇಡೀ ಕರ್ನಾಟಕ. ಗುಂಡ್ಲುಪೇಟೆಯ ಹುಡುಗನಿಗೆ ಬೀದರಿನವನೂ ಸ್ಥಳೀಯನೇ.

ಇಷ್ಟರ ನಡುವೆ ನೆಟ್ಟಗೆ ನಡೆಯುವುದು ಯಾವುದು? ಉತ್ತರ ಸಿಗುವುದು ಇನ್ನೂರು ಕಿಲೋಮೀಟರಿಗೂ ಆಚೆ, ದಕ್ಷಿಣ ಕನ್ನಡದ ಉಜಿರೆಯಲ್ಲಿ. ಧರ್ಮಸ್ಥಳಕ್ಕೆ ಬರುವವರಲ್ಲಿ ಕೆಲಸ ಕೊಡಿಸಿ ಎಂದು ಕೇಳುವ ಯುವಕರೂ ಇರುತ್ತಿದ್ದರು. ಎಲ್ಲರಿಗೂ ಕೊಡಲು ಯಾರ ಬಳಿಯೂ ಕೆಲಸವಿರಲಿಲ್ಲ. 1982ರಲ್ಲಿ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಕಟ್ಟಿದವು. ಯೋಚನೆ ಸರಳ. ಹಳ್ಳಿಯ ಹುಡುಗನನ್ನು ಕೆಲವು ವಾರ ತಂದಿಟ್ಟುಕೊಂಡು, ಊಟ ವಸತಿ ಕೊಟ್ಟು, ಒಂದು ಕಸುಬು ಕಲಿಸುವುದು. ಕಸುಬಿನ ಜೊತೆಗೇ ಲೆಕ್ಕ ಬರೆಯುವುದು, ಗಿರಾಕಿಯ ಜೊತೆ ಮಾತಾಡುವುದು, ಬ್ಯಾಂಕಿನ ಮ್ಯಾನೇಜರನ ಎದುರು ಹೆದರದೆ ಕೂರುವುದು. ಆಮೇಲೆ ಸಾಲ ಕೊಡಿಸಿ, ಎರಡು ವರ್ಷ ಬೆನ್ನು ಬಿಡದೆ ವಿಚಾರಿಸುವುದು.

ಇಲ್ಲಿನ ಜಾಣತನ ಇರುವುದು ಹಣದ ಕಟ್ಟಿನಲ್ಲಿ. ಕಲಿಸುವುದು ಬ್ಯಾಂಕು, ಸಾಲ ಕೊಡುವುದೂ ಬ್ಯಾಂಕು. ಹುಡುಗ ಸೋತರೆ ಸಾಲ ಮುಳುಗುತ್ತದೆ, ಹಾಗಾಗಿ ಎರಡು ವರ್ಷದ ವಿಚಾರಣೆಗೆ ದಯೆಯೊಂದೇ ಕಾರಣವಾಗಬೇಕಿಲ್ಲ. ಗಂಟೆ ಲೆಕ್ಕದ ಗುತ್ತಿಗೆಯಲ್ಲಿ ಈ ಹಂಗು ಯಾರಿಗೂ ಇರುವುದಿಲ್ಲ. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು: ಜಿಲ್ಲೆಗೊಂದು ಆರ್‌ಸೆಟಿ, ನಡೆಸುವ ಹೊಣೆ ಬ್ಯಾಂಕಿಗೆ, ಕಟ್ಟಡಕ್ಕೆ ಸರ್ಕಾರದಿಂದ ಒಂದು ಕೋಟಿಯವರೆಗೆ ನೆರವು, ಬಡ ಅಭ್ಯರ್ಥಿಗಳ ತರಬೇತಿ ವೆಚ್ಚ ಸರ್ಕಾರದ್ದು. ಈಗ ದೇಶದಲ್ಲಿ ಇಂಥವು ಆರುನೂರರ ಹತ್ತಿರ ಇವೆ. ಹೈನುಗಾರಿಕೆ, ಮೊಬೈಲ್ ರಿಪೇರಿ, ಸಿಸಿಟಿವಿ ಅಳವಡಿಕೆ, ಹೊಲಿಗೆ ಎಲ್ಲವೂ ಪಟ್ಟಿಯಲ್ಲಿದೆ. ಗುಂಡ್ಲುಪೇಟೆಯ ಕಣ್ಣಿನಿಂದ ನೋಡಿದರೆ ಎಲ್ಲಕ್ಕಿಂತ ದೊಡ್ಡದು ಉಚಿತ ಹಾಸ್ಟೆಲ್ಲು. ಕಲಿಯುವಾಗ ದಿನಾ ಬಸ್ಸು ಹಿಡಿಯಬೇಕಿಲ್ಲ, ಕಲಿತ ಮೇಲೆ ಅಂಗಡಿ ಹಾಕುವುದು ಸ್ವಂತ ಊರಿನಲ್ಲೇ.

ಎಲ್ಲರೂ ಅಂಗಡಿ ಹಾಕಲಾರರು, ಹಾಕಬೇಕಾಗಿಯೂ ಇಲ್ಲ. ಒಂದೇ ಬೀದಿಯಲ್ಲಿ ಐದು ಮೊಬೈಲ್ ರಿಪೇರಿ ಅಂಗಡಿ ಎದ್ದರೆ ಐವರೂ ಸಂಜೆ ಹೊತ್ತಿಗೆ ನೊಣ ಹೊಡೆಯಬೇಕಾಗುತ್ತದೆ. ಅಂಥವರಿಗೆ ಇನ್ನೊಂದು ದಾರಿ ಗುಂಡ್ಲುಪೇಟೆಯಲ್ಲೇ ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನರ ಬಾಯಲ್ಲಿ ಜಿಟಿಟಿಸಿ, ಡೆನ್ಮಾರ್ಕ್ ಸರ್ಕಾರದ ಸಹಕಾರದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ. ಅದು ರಾಜ್ಯದಾದ್ಯಂತ ತೆರೆದ ಶಾಖೆಗಳಲ್ಲಿ ಗುಂಡ್ಲುಪೇಟೆಯದೂ ಒಂದು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: ಮೂರು ವರ್ಷ ಕಲಿಕೆ, ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲೇ ಭತ್ಯೆಯೊಂದಿಗೆ ದುಡಿಮೆ. ಡೈ ಎಂದರೆ ಅಚ್ಚು. ಬಾಟಲಿ ಮುಚ್ಚಳದಿಂದ ಕಾರಿನ ಬಾಗಿಲವರೆಗೆ ಏನನ್ನಾದರೂ ಸಾವಿರಗಟ್ಟಲೆ ಮಾಡಲು ಮೊದಲು ಒಂದು ಅಚ್ಚು ಬೇಕು, ಅಚ್ಚು ಮಾಡುವ ಕೈಗೆ ಎಲ್ಲ ಕಡೆ ಬೇಡಿಕೆ. ಈ ಸಂಸ್ಥೆ ಕಾರ್ಖಾನೆಗಳಿಗೆ ಅಚ್ಚು, ಬಿಡಿಭಾಗ ಮಾಡಿಕೊಟ್ಟು ತಾನೂ ಸಂಪಾದಿಸುತ್ತದೆ. ಹುಡುಗರು ಕಲಿಯುವುದು ನಿಜವಾದ ಕೆಲಸದ ಮೇಲೆಯೇ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೃತ್ತಿ ಶಿಕ್ಷಣ ಸಂಸ್ಥೆ, ಈಗಿನ ಎಸ್‌ಜೆ ಪಾಲಿಟೆಕ್ನಿಕ್, ನೆಟ್ಟ ಬೀಜ ಇಂಥದೇ ಇರಬೇಕು.

ಐಟಿಐಗಳಿಗೂ ಹೊಸ ರಕ್ತ ಬಂದಿದೆ. ಟಾಟಾ ಟೆಕ್ನಾಲಜೀಸ್ ಮುಂದಾಳತ್ವದ ಕೂಟ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿತು; 4,600 ಕೋಟಿಗೂ ಮೀರಿದ ಈ ಯೋಜನೆಯಲ್ಲಿ ಸರ್ಕಾರದ ಪಾಲು ಎಂಟನೆಯ ಒಂದು ಭಾಗದಷ್ಟು ಮಾತ್ರ. 2022ರ ಜೂನ್‌ನಲ್ಲಿ ಪ್ರಧಾನಿ ಇವನ್ನು ಲೋಕಾರ್ಪಣೆ ಮಾಡಿದರು. ರೋಬೊ, ವಿದ್ಯುತ್ ವಾಹನ, ಸಿಎನ್‌ಸಿ ಎಲ್ಲವೂ ಬಂದಿವೆ. ಯಂತ್ರ ಬಂದಷ್ಟು ಬೇಗ ಅದನ್ನು ಕಲಿಸುವ ಕಾಯಂ ಬೋಧಕರು ಬರುವುದಿಲ್ಲ ಎಂಬುದು ನಮ್ಮ ಸರ್ಕಾರಿ ಕೊಠಡಿಗಳ ಹಳೆಯ ಕಾಯಿಲೆ.

ಜಿಲ್ಲೆಯ ಇನ್ನೊಂದು ಮುಖವನ್ನು ಬಿಟ್ಟರೆ ಹಣದ ಕಥೆ ಪೂರ್ತಿಯಾಗುವುದಿಲ್ಲ. 2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಹತ್ತು ಲಕ್ಷ ಚಿಲ್ಲರೆ ಜನರಲ್ಲಿ ಕಾಲು ಭಾಗ ಪರಿಶಿಷ್ಟ ಜಾತಿಯವರು, ಶೇ 12ರಷ್ಟು ಪರಿಶಿಷ್ಟ ಪಂಗಡದವರು. ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಈ ಸಮುದಾಯಗಳಿಗೆ ಸಲ್ಲಬೇಕೆಂದು ರಾಜ್ಯ 2013ರಲ್ಲಿ ಕಾಯ್ದೆಯನ್ನೇ ಮಾಡಿದೆ. ಕೌಶಲ ಇಲಾಖೆಗೂ ಆ ಹಣದಲ್ಲಿ ಪಾಲಿದೆ. 2023–24ರಲ್ಲಿ ಅದೇ ಬಾಬಿನಿಂದ ಸುಮಾರು 11 ಸಾವಿರ ಕೋಟಿಯನ್ನು ಯುವನಿಧಿ, ಶಕ್ತಿಯಂಥ ಗ್ಯಾರಂಟಿ ಯೋಜನೆಗಳಿಗೆ ತೋರಿಸಿದಾಗ ದಲಿತ ಸಂಘಟನೆಗಳು ತಕರಾರು ಎತ್ತಿದವು. ಸರ್ಕಾರದ ಸಮರ್ಥನೆ, ಆ ಹಣ ಅದೇ ಸಮುದಾಯದ ಫಲಾನುಭವಿಗಳಿಗೇ ಹೋಗುತ್ತದೆ ಎಂಬುದು. ಎರಡು ಮಾತೂ ಸುಳ್ಳಲ್ಲ. ಆದರೆ ಒಂದು ತಲೆಮಾರಿಗೆ ಕಸುಬು ಕಟ್ಟಬಹುದಾಗಿದ್ದ ಹಣ ತಿಂಗಳ ಖರ್ಚಿನಲ್ಲಿ ಕರಗಿದರೆ ಅದರ ಲೆಕ್ಕ ಬೇರೆಯೇ.

ಕಾಡಂಚಿನ ಸೋಲಿಗ, ಜೇನುಕುರುಬ ಯುವಕರಿಗೆ ಬಂಡೀಪುರದ ಸುತ್ತ ಸಿಗುವ ಕೆಲಸ ಬಹುಪಾಲು ಅರಣ್ಯ ಇಲಾಖೆಯ ಕಾವಲು, ಬೆಂಕಿ ಕಾಯುವುದು, ರೆಸಾರ್ಟಿನ ಕೆಲಸ, ಸಫಾರಿ ಜೀಪು. ಎಲ್ಲ ಹಂಗಾಮಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಒಂದೇ ಆದೇಶಕ್ಕೆ ಚಾಲಕ, ಗೈಡ್, ಅಡುಗೆಯವ, ರೂಮು ಒರೆಸುವವಳು ಎಲ್ಲರ ಪಾಳಿಯೂ ತಪ್ಪಿತು. ಪಿಎಫ್ ಹಿಡೀತಾರಾ ಎಂಬ ಮೊದಲ ಪ್ರಶ್ನೆಯ ಮಹತ್ವ ಇಲ್ಲಿ ತಿಳಿಯುತ್ತದೆ. 2025ರ ಆಗಸ್ಟ್‌ನಿಂದ ಕೇಂದ್ರ ತಂದ 99,446 ಕೋಟಿಯ ಉದ್ಯೋಗ ಪ್ರೋತ್ಸಾಹ ಯೋಜನೆಯಲ್ಲಿ ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ ಎರಡು ಕಂತಿನಲ್ಲಿ 15,000 ರೂಪಾಯಿವರೆಗೆ, ಮಾಲೀಕನಿಗೆ ತಲೆಗೆ ತಿಂಗಳಿಗೆ 3,000ವರೆಗೆ ಸಿಗುತ್ತದೆ. ಎಲ್ಲಕ್ಕೂ ಬೀಗದಕೈ ಪಿಎಫ್ ಸಂಖ್ಯೆ. ಹಂಗಾಮಿ ಕೆಲಸದ ಹುಡುಗನಿಗೆ ಆ ಬಾಗಿಲು ತೆರೆಯುವುದಿಲ್ಲ.

ಜಿಲ್ಲೆಯಲ್ಲೇ ಬೇರೆ ಬಗೆಯ ಪ್ರಯೋಗಗಳೂ ನಡೆದಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಮಕ್ಕಳಿಗೆ ಶಾಲೆಯ ಜೊತೆಗೇ ಕಸುಬನ್ನೂ ಕಲಿಸಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆ ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆಯಲು ಸೋಲಿಗರಿಗೆ ಕಲಿಸಿತು. ಕಳೆಯೇ ಕಚ್ಚಾ ಮಾಲು, ಕಾರ್ಖಾನೆ ಮನೆಯಂಗಳ. ದೊಡ್ಡ ಅಂಕಿಗಳ ಕೆಲಸವಲ್ಲ ಇದು, ಉದ್ಯೋಗ ಮೇಳದ ಬ್ಯಾನರಿಗೂ ಹೊಂದುವುದಿಲ್ಲ.

ಯಾವ ತಾಲೂಕಿಗೆ ಯಾವ ಕಸುಬು ಬೇಕೆಂದು ತೀರ್ಮಾನಿಸುವವರು ಯಾರು? ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಕೌಶಲ ಸಮಿತಿಯಿದೆ; ಗುರಿಗಳು ಬಹುಮಟ್ಟಿಗೆ ಮೇಲಿಂದ ಇಳಿದು ಬರುತ್ತವೆ. ಗ್ರಾಮ ಪಂಚಾಯಿತಿಯ ಪಾಲಿಗೆ ಉಳಿಯುವುದು ಪಾಂಪ್ಲೆಟ್ ಅಂಟಿಸುವ ಕೆಲಸ. ಹಳ್ಳಿಯ ತೀರ್ಮಾನ ಹಳ್ಳಿಯಲ್ಲೇ ಆಗಬೇಕೆಂದು ಹಟ ಹಿಡಿದು 1983ರ ಜಿಲ್ಲಾ ಪರಿಷತ್ ಕಾಯ್ದೆ ತಂದ ಅಬ್ದುಲ್ ನಜೀರ್ ಸಾಬ್ ಇದೇ ಗುಂಡ್ಲುಪೇಟೆಯವರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಅವರ ಹೆಸರೇ ಇದೆ.

ಓದಿದ ಹುಡುಗರಲ್ಲಿ ಬಹಳಷ್ಟು ಮಂದಿ ಈ ಯಾವುದರ ಕಡೆಗೂ ತಿರುಗಿ ನೋಡುವುದಿಲ್ಲ. ಅವರ ಕಣ್ಣು ಸರ್ಕಾರಿ ನೌಕರಿಯ ಮೇಲೆ: ಪೊಲೀಸ್, ಅರಣ್ಯ ರಕ್ಷಕ, ಗ್ರಾಮ ಆಡಳಿತಾಧಿಕಾರಿ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಯ 1,000 ಹುದ್ದೆಗೆ ಲಕ್ಷಗಟ್ಟಲೆ ಅರ್ಜಿ ಬಂದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಂಪುಟ ನಿರ್ಧರಿಸಿತು. ಪುಸ್ತಕ ಹಿಡಿದು ಕೂತವರ ವಯಸ್ಸು ಮಾತ್ರ ನಿಲ್ಲಲಿಲ್ಲ. ಅವರನ್ನು ಹಗಲುಗನಸಿನವರೆನ್ನಲು ಬಾಯಿ ಬರುವುದಿಲ್ಲ. ಪಿಎಫ್ ಪ್ರಶ್ನೆಗೂ ಬಸ್ಸಿನ ಪ್ರಶ್ನೆಗೂ ಒಟ್ಟಿಗೆ ಉತ್ತರ ಕೊಡುವುದು ಆ ಒಂದು ನೌಕರಿಯೇ ಎಂದು ಅವರು ಲೆಕ್ಕ ಹಾಕಿದ್ದಾರೆ.

ಜುಲೈ, ಆಗಸ್ಟ್ ಬಂದರೆ ಗುಂಡ್ಲುಪೇಟೆಯ ಹೆದ್ದಾರಿಯ ಎರಡೂ ಬದಿ ಹಳದಿ, ಕೇಸರಿ. ಸೂರ್ಯಕಾಂತಿ, ಚೆಂಡು ಹೂ. ಚೆಂಡು ಹೂವಿನ ಒಂದು ಪಾಲು ಓಣಂಗೆ ಗಡಿ ದಾಟುತ್ತದೆ, ಇನ್ನೊಂದು ಪಾಲು ಬಣ್ಣ ತೆಗೆಯುವ ಕಾರ್ಖಾನೆಗೆ. ಕೇರಳದ ಕಾರುಗಳು ಸಾಲಾಗಿ ನಿಲ್ಲುತ್ತವೆ, ಜನ ಹೂವಿನ ನಡುವೆ ನಿಂತು ಸೆಲ್ಫಿ ತೆಗೆಯುತ್ತಾರೆ. ಮೊದಲು ಗಿಡ ತುಳಿದರೆಂದು ಬೈದು ಓಡಿಸುತ್ತಿದ್ದ ರೈತರಲ್ಲಿ ಕೆಲವರು ಈಗ ಬದುವಿನ ಮೇಲೆ ಬೋರ್ಡು ನೆಟ್ಟು ಒಳಗೆ ಬರಲು ತಲೆಗಿಷ್ಟು ಎಂದು ವಸೂಲಿ ಮಾಡುತ್ತಾರೆ. ಮನೆಯ ಡಿಗ್ರಿ ಓದಿದ ಮಗನೋ ಮಗಳೋ ಫೋನು ಹಿಡಿದು ಅಲ್ಲಿ ನಿಲ್ಲುತ್ತಾರೆ; ದುಡ್ಡು ತಗೊಂಡು, ಅರ್ಧಂಬರ್ಧ ಮಲಯಾಳದಲ್ಲಿ ದಾರಿ ತೋರಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬಸ್ಸು ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಸರ್ಕಾರದ ಕಸುಬುಗಳ ಪಟ್ಟಿಯಲ್ಲಿ ಈ ಕೆಲಸಕ್ಕೆ ಹೆಸರಿಲ್ಲ. ಹೂ ಕೊಯ್ಲಾದ ಮೇಲೆ ಬೋರ್ಡು ಕಿತ್ತು ಮನೆಗೆ ಒಯ್ಯುತ್ತಾರೆ.